ಬಸುರಿ ನೆಲದ ಚರಗ

೨ ಡಿಸೆಂಬರ್ ೧೯೦೩, ಹುನಗುಂದ. ಬೆಳಿಗ್ಗೆ

ಬದನೆ ಮಡಿಗೆ ನೀರು ಬಿಟ್ಟೆ. ಒಳಗೆ ಬಂದು ಹಿಟ್ಟು ನಾದುತ್ತಿದ್ದೆ — ಅಟ್ಟದಿಂದ ಇಲಿ ಬಿತ್ತು. ಸತ್ತದ್ದು. ಸಾಲೆಗೆ ಹೊರಟಿದ್ದ ಇವರು ಬಾಗಿಲಲ್ಲೇ ನಿಂತರು. "ಕೇಳಿಲ್ಲಿ, ಗಂಟು ಕಟ್ಟು. ಪ್ಲೇಗು ನಮ್ಮ ಮನಿಗೂ ಬಂತು." ನನಗೆ ಅಕ್ಷರ ಕಲಿಸಿದ ಮಾಸ್ತರರು, ಹೆಸರು ಹಿಡಿದು ಮಾತ್ರ ಕರೆದವರಲ್ಲ. ಮದುವೆಯಾದಾಗಿನಿಂದ 'ಕೇಳಿಲ್ಲಿ'ಯೇ ನಾನು.

೬ ಡಿಸೆಂಬರ್

ಊರ ಹೊರಗೆ ಗುಡಿಸಲು. ಬಯಲಲ್ಲಿ ಮೂರು ಕಲ್ಲಿನ ಒಲೆ. ಗಾಳಿಗೆ ಉರಿ ನಿಲ್ಲದು. ರೊಟ್ಟಿ ಒಂದು ಮಗ್ಗಲು ಕರಕು, ಇನ್ನೊಂದು ಹಸಿ. ಮಗಳು ಬೋರವ್ವನಿಗೆ ಅದೂ ಆಟ. ಐದು ವರ್ಷದ ಕೂಸು. ಸಾಲೆ ಮುಚ್ಚಿದ್ದರಿಂದ ಇವರನ್ನು ಬಾಗಲಕೋಟೆ ಕಚೇರಿಗೆ ಕರೆಸಿಕೊಂಡರು. ಹೋಗುವಾಗ ಒಂದೇ ಮಾತು: "ಊರೊಳಗ ಕಾಲಿಡಬ್ಯಾಡ." ಪಕ್ಕದ ಗುಡಿಸಲಲ್ಲಿ ಮಾಬುಬಿ ಇದ್ದಾಳೆ. ಅಷ್ಟೇ ಧೈರ್ಯ.

೧೭ ಡಿಸೆಂಬರ್

ನಾಳೆ ಎಳ್ಳಮಾವಾಸ್ಯೆ. ಭೂಮಿತಾಯಿ ಬಸುರಿ, ಉಣಿಸದೆ ಇರಬಾರದು. ನಮಗೆ ಹೊಲವಿಲ್ಲ, ಅತ್ತೆ ಹಬ್ಬದ ಅಡಿಗೆಯ ಚರಗವನ್ನು ಹಿತ್ತಲಿನ ಮಡಿಗೇ ಚೆಲ್ಲುತ್ತಿದ್ದರು. ಅವರು ತೀರಿದ ವರ್ಷ ಸೂತಕವೆಂದು ಬಿಟ್ಟೆವು. ಆ ಚಳಿಗಾಲದಲ್ಲೇ ನನ್ನ ಗಂಡುಕೂಸು ಹೋಯಿತು. ಉಳಿದವಳು ಬೋರವ್ವ ಒಬ್ಬಳು. ಈ ಸಲ ಬಿಡಲಾರೆ... ಏನಾದರೂ ಆಗಲಿ, ಬಿಡಲಾರೆ.

೧೮ ಡಿಸೆಂಬರ್, ಮಧ್ಯಾಹ್ನ

ಊರೊಳಗಿನ ಮನೆಗೆ ಹೋಗಿಬಂದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ. ಮಾಬುಬಿ ನೀರಿಗೆ ಹೋಗಿದ್ದಳು. ಬೋರವ್ವ ಸೆರಗು ಬಿಡಲಿಲ್ಲ, ಕರೆದುಕೊಂಡೇ ಹೋದೆ. ಓಣಿಯಲ್ಲಿ ನಾಯಿಯೂ ಇಲ್ಲ. ಬದನೆ ಗಿಡ ಬಾಡಿತ್ತು, ಆದರೂ ಮೈತುಂಬ ಕಾಯಿ. ಚರಗ ಚೆಲ್ಲಿ ಕೈಮುಗಿದೆ. ಎದೆ ಹಗುರಾಯಿತು. ಕಾಯಿ ಹರಿದು ಉಡಿ ತುಂಬಿಕೊಂಡೆ.

"ಅವ್ವಾ, ಇಲ್ಲಿ ಇಲಿ ಮಲಗೇತಿ."

"ಮುಟ್ಟಬ್ಯಾಡ!"

"ಅದಕ ಥಂಡಿ ಆಗೇತಿ. ಎಲಿ ಹೊಚ್ಚೀನಿ."

ಬೂದಿ ಹಚ್ಚಿ ಕೈ ತೊಳೆಸಿದೆ. ಮತ್ತೆ ತೊಳೆಸಿದೆ. ಅತ್ತಳು, ಆದರೂ ತೊಳೆಸಿದೆ.

೨೨ ಡಿಸೆಂಬರ್

ಕೂಸಿನ ಮೈ ಕೆಂಡ. ತೊಡೆಯ ಸಂದಿಯಲ್ಲಿ ಗಡ್ಡೆ. ಮಾಬುಬಿ ನೋಡಿ ಬಾಯಿಗೆ ಸೆರಗು ಹಿಡಿದಳು.

"ಸಿದ್ದಲಿಂಗಕ್ಕಾ, ಡಾಕ್ಟರಗ ಹೇಳೂಣು."

"ಬ್ಯಾಡವಾ, ಪ್ಲೇಗಿನ ದವಾಖಾನಿಗೆ ಒಯ್ದುಬಿಡ್ತಾರ. ಹೋದವರು ಯಾರು ತಿರುಗಿ ಬಂದಾರ?"

ಅವಳೇ ಬಾಗಲಕೋಟೆಗೆ, ಇವರಿಗೆ ಹೇಳಿಕಳಿಸಿದಳು. ನಾನು ಯಾರನ್ನು ಕೇಳಲಿ? ಉಣಿಸಿದ್ದೆನಲ್ಲ ತಾಯಿ, ಉಣಿಸಿದ್ದೆನಲ್ಲ!

೨೪ ಡಿಸೆಂಬರ್

ಇವರು ಬಂದರು. ಒಲೆಯ ಬಳಿ ಬದನೆಕಾಯಿ ಕಂಡರು. "ಎಲ್ಲಿಂದ ಬಂದಾವು ಇವು?" ಕಾಯಿಗಳ ಮೇಲೆ ಬುಟ್ಟಿ ಮುಚ್ಚಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು.

೨೫ ಡಿಸೆಂಬರ್, ನಸುಕು

ಬೋರವ್ವ ಕಣ್ಣು ತೆರೆದಳು! "ಅವ್ವಾ, ಎಣಗಾಯಿ ಮಾಡು" ಅಂದಳು. ಬಾಯಿಬಿಟ್ಟು ಕೇಳಿದಳು!

ಓಡಿಬಂದು ಒಲೆ ಹೊತ್ತಿಸಿದೆ. ಶೇಂಗಾ, ಎಳ್ಳು ಹುರಿದು ಕುಟ್ಟಿದೆ. ಕಾಯಿ ಸೀಳಿ ತುಂಬಿ ಎಣ್ಣೆಗೆ ಬಿಟ್ಟಿದ್ದೇನೆ. ಖಾರ ಕಡಿಮೆ, ಅವಳ ನಾಲಿಗೆಗೆ ಆಗುವಷ್ಟು. ಬೇಯುವ ತನಕ ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ. ಘಮ ಗುಡಿಸಲೊಳಗೂ ಹೋಗಿರಬೇಕು.

ಒಳಗಿನಿಂದ ಇವರು ಕರೆಯುತ್ತಿದ್ದಾರೆ. 'ಕೇಳಿಲ್ಲಿ' ಅಲ್ಲ. ಸಿದ್ದಲಿಂಗವ್ವಾ ಎನ್ನುತ್ತಿದ್ದಾರೆ. ಹೆಸರು ಹಿಡಿದು ನನ್ನನ್ನು ಯಾಕೆ —