ಹೊಸ್ತಿಲಾಚೆಯವನ ಓದುಗರು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.20

ಬೆಳಗಿನಿಂದ ಹನ್ನೊಂದು ಡೋನರ್‌ಗಳು. ಒಬ್ಬ ಸೂಜಿ ನೋಡಿಯೇ ಕಣ್ಣು ಮೇಲೆ ಮಾಡಿದ. ಆರಡಿ ಆಳು, ಮಲಗಿಸಲು ಇಬ್ಬರು ಬೇಕಾಯಿತು. ಓ ನೆಗೆಟಿವ್ ಎರಡೇ ಬ್ಯಾಗ್ ಉಳಿದಿವೆ.

ಊಟದ ಡಬ್ಬಿ ತೆರೆಯುವ ಮೊದಲೇ ಫೋನ್ ತೆರೆದೆ. ನಿನ್ನೆ ಆ್ಯಪ್‌ನಲ್ಲಿ ಹಾಕಿದ್ದು ನನ್ನ 'ಹೊಸ್ತಿಲಾಚೆಯವನು' ಕಾದಂಬರಿಯ ಮೂವತ್ತೊಂದನೇ ಅಧ್ಯಾಯ. ಆಗಲೇ ನಲವತ್ತಾರು ಅಭಿಪ್ರಾಯ.

ಒಬ್ಬರು — "ಇವನು ವ್ಯಾಂಪೈರೋ ವಿಮಾ ಏಜೆಂಟೋ? ಇಷ್ಟೊಂದು ವಿನಯ ಯಾಕೆ?"

ಒಬ್ಬ ತಾಯಿ — "ಮಗುವಿಗೆ ಹಾಲು ಕುಡಿಸ್ತಾ ಓದ್ತೀನಿ. ಹಲ್ಲು ಬರೋದರೊಳಗೆ ಇಬ್ಬರನ್ನೂ ಒಂದು ಮಾಡಿ. ಮಗುವಿನ ಹಲ್ಲು."

ಒಬ್ಬ ಅಜ್ಜಿ ಇದ್ದಾರೆ, ಎಲ್ಲ ಅಧ್ಯಾಯಕ್ಕೂ ಬರೆಯುತ್ತಾರೆ. "ಹುಡುಗನಿಗೆ ನಾನೂರು ವರ್ಷ ಅಂತೀರಿ. ಹಿಂದೆ ಮುಂದೆ ಯಾರೂ ಇಲ್ವಾ? ವಿಚಾರಿಸದೆ ಹೆಣ್ಣು ಕೊಡೋದಾ?"

ಮತ್ತೆ ಆ 'ಬೆಳ್ಳುಳ್ಳಿ'. ವ್ಯಾಂಪೈರ್‌ಗೆ ಆಗದ್ದು ಅಂತಲೇ ಆ ಹೆಸರು ಇಟ್ಟುಕೊಂಡಿರುವುದು. ಭಾನುವಾರ ಸಂಜೆ ಮೊದಲ ಅಭಿಪ್ರಾಯ ಅದರದೇ. "ಎರಡು ಸ್ಟಾರ್. ಈ ಅಧ್ಯಾಯದಲ್ಲಿ 'ಹೃದಯ' ಹತ್ತೊಂಬತ್ತು ಸಲ ಬಂದಿದೆ. ನಾಯಕ ರಕ್ತ ಕುಡಿಯುವುದಕ್ಕಿಂತ ನಿಟ್ಟುಸಿರು ಬಿಡುವುದೇ ಹೆಚ್ಚು. 'ಮಂಜಗಟ್ಟಿದ' ತಪ್ಪು, 'ಮಂಜುಗಟ್ಟಿದ' ಸರಿ."

ತಿದ್ದಿದೆ. ಮೈ ಉರಿಯಿತು, ಆದರೂ ತಿದ್ದಿದೆ.

ಇಲ್ಲಿ ಯಾರಿಗೂ ಗೊತ್ತಿಲ್ಲ. ರಕ್ತ ಕುಡಿಯುವವನ ಪ್ರೇಮಕಥೆ ಬರೆಯುವವಳು ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಎಂದು ಗೊತ್ತಾದರೆ ಡಾಕ್ಟರ್ ದಿನಾ ಬ್ಯಾಗ್ ಎಣಿಸಿಕೊಂಡಾರು.

ಮಾರ್ಚ್ 6, ಗುರುವಾರ. ಬೆಳಿಗ್ಗೆ 6

ಆ್ಯಪ್‌ನಲ್ಲಿ ಒಬ್ಬಳು ಕೇಳಿದ್ದಾಳೆ — "ಇಂಥವನು ನಿಮಗೆ ಎಲ್ಲಿ ಸಿಕ್ಕ? ವಿಳಾಸ ಕೊಡಿ."

ಅಲ್ಲಿ ಉತ್ತರ ಕೊಡಲಾರೆ. ಇಲ್ಲಿ ಬರೆಯಬಹುದು.

ಫ್ರಿಜ್ ಮೆಕ್ಯಾನಿಕ್. ರಕ್ತ ಇಡುವ ಫ್ರಿಜ್‌ಗಳನ್ನು ನೋಡಿಕೊಳ್ಳಲು ಕಂಪನಿಯಿಂದ ಬರುತ್ತಿದ್ದ. ತಿಂಗಳ ಮೊದಲ ಗುರುವಾರ, ಇವತ್ತಿನಂಥ ದಿನ. ಆರು ವರ್ಷ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. "ಒಳಗೆ ಬರಲಾ ಮೇಡಂ?" ಬನ್ನಿ ಅನ್ನುವವರೆಗೆ ಹೊಸ್ತಿಲು ದಾಟಿದವನಲ್ಲ. ನನ್ನ ವ್ಯಾಂಪೈರ್ ಕರೆಯದೆ ಒಳಗೆ ಬರುವುದಿಲ್ಲ. ಅದು ಪುಸ್ತಕಗಳಿಂದ ಕದ್ದದ್ದು ಎಂದು ಜನ ತಿಳಿದಿದ್ದಾರೆ.

ಫ್ರಿಜ್ ಬಾಗಿಲಿಗೆ ಕಿವಿ ಒತ್ತಿ, ಎಡಗಣ್ಣು ಮುಚ್ಚಿ ಕೇಳುತ್ತಿದ್ದ. ಒಳಗಿನ ಮೋಟಾರ್ ಗೊರಗುಟ್ಟಿದರೆ ನಾನು ಗಾಬರಿಯಾಗುತ್ತಿದ್ದೆ. ಎರಡರಿಂದ ಆರು ಡಿಗ್ರಿಯೊಳಗೆ ಇರದಿದ್ದರೆ ಅಷ್ಟೂ ರಕ್ತ ಚೆಲ್ಲಬೇಕು. ಅವನು ಮಾತ್ರ ಮೆಲ್ಲಗೆ ಹೇಳುತ್ತಿದ್ದ. "ಕೆಟ್ಟಿಲ್ಲ ಮೇಡಂ. ಗಂಟಲು ಕಟ್ಟಿದೆ, ಅಷ್ಟೇ."

ಮದುವೆಯಾಗಿತ್ತು. ಒಬ್ಬಳು ಮಗಳು, ಪರ್ಸ್‌ನಲ್ಲಿ ಫೋಟೊ ಇಟ್ಟಿದ್ದ. ನಾನೂ ಅದನ್ನು ನೋಡಿ ಮುದ್ದಾಗಿದ್ದಾಳೆ ಅಂದವಳೇ. ಒಮ್ಮೆ ಸ್ಕ್ರೂಡ್ರೈವರ್ ಕೊಡುವಾಗ ಬೆರಳು ತಾಗಿತು. ಐಸ್. ಆರು ವರ್ಷದಲ್ಲಿ ನಡೆದದ್ದು ಅಷ್ಟೇ.

ಹೊಸ ಕಟ್ಟಡಕ್ಕೆ ಬಂದೆವು. ಹೊಸ ಫ್ರಿಜ್, ಬೇರೆ ಕಂಪನಿ. ಅವನು ಬರಲಿಲ್ಲ. ಯಾಕೆ ಎಂದು ಕೇಳಲು ನಾನು ಯಾರು? ಹನ್ನೊಂದು ವರ್ಷ ಆಯಿತು. ಒಂದು ಮಾತು ಹೇಳಿ ಹೋಗಬಹುದಿತ್ತು. ಆ ಸಿಟ್ಟು ಇನ್ನೂ ಇದೆ.

ಈಗ ಮೂರು ಸಾವಿರ ಜನ ಓದುತ್ತಾರೆ. ಅವರಲ್ಲಿ ಒಬ್ಬ ಅವನಾಗಿದ್ದರೆ... ಎಲ್ಲೋ ಕೂತು, ಕನ್ನಡಕ ಮೂಗಿಗಿಳಿಸಿ...

ಅದಕ್ಕೇ ಬರೆಯಲು ಹಿಡಿದದ್ದು. ಬೇರೆ ಕಾರಣ ಏನೂ ಇಲ್ಲ.

ಮಾರ್ಚ್ 11, ಮಂಗಳವಾರ

ಮನೆಯಲ್ಲಿರುವುದು ನಾನು ಮತ್ತು ಅಕ್ಕ, ಇಬ್ಬರೇ. ಅವಳು ಮೂವತ್ತು ವರ್ಷ ಭಾಷೆ ಕಲಿಸಿ ರಿಟೈರ್ ಆದವಳು. ಅಂಗಡಿಯಿಂದ ತರುವುದನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸುತ್ತಾಳೆ. ಇವತ್ತಿನ ಚೀಟಿ — ಸೋಪು, ಸಕ್ಕರೆ, ಮಂಜುಗಟ್ಟಿದ ಬಟಾಣಿ. 'ಮಂಜು'ವಿನ ಕೆಳಗೆ ಕೆಂಪು ಗೆರೆ.

ಹತ್ತು ನಿಮಿಷ ಅಲ್ಲೇ ನಿಂತೆ.

"ನೀನಾ ಬೆಳ್ಳುಳ್ಳಿ?"

ಅಕ್ಕ ಬ್ರೆಡ್‌ಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ. "ಯಾವತ್ತು ಗೊತ್ತಾಗುತ್ತೆ ಅಂತ ನೋಡ್ತಿದ್ದೆ."

"ಸ್ವಂತ ತಂಗಿಗೆ ಎರಡು ಸ್ಟಾರ್?"

"ತಂಗಿ ಅಂತಲೇ ಎರಡು. ಬೇರೆಯವರಾಗಿದ್ರೆ ಒಂದು."

"ನಾನೇ ಅಂತ ಹೇಗೆ ಗೊತ್ತಾಯ್ತು?"

"ಐದನೇ ಕ್ಲಾಸಿಂದ ಮಂಜಗಟ್ಟಿದ ಅಂತಲೇ ಬರೀತಿದೀಯ. ಪ್ರಪಂಚದಲ್ಲಿ ಇನ್ನೊಬ್ಬರು ಹಾಗೆ ಬರೆಯೋರಿಲ್ಲ."

ಇಬ್ಬರಿಗೂ ನಗು ತಡೆಯಲಿಲ್ಲ. ಆಮೇಲೆ ಅವಳು ಚಾಕು ತೊಳೆಯುತ್ತಾ ಬೆನ್ನು ತಿರುಗಿಸಿಯೇ ಕೇಳಿದಳು. "ಯಾರೇ ಅವನು?"

"ಯಾರು?"

"ನಾನೂರು ವರ್ಷದೋನು."

"ಕಲ್ಪನೆ ಅಕ್ಕಾ."

"ಕಲ್ಪನೆ ಆಗಿದ್ರೆ ಇಷ್ಟು ಚೆನ್ನಾಗಿ ಬರೀತಿರಲಿಲ್ಲ ನೀನು."

ಬ್ಯಾಗ್ ತಗೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಹೊಳೆಯಿತು — ಚೆನ್ನಾಗಿ ಅಂದಳು.

ಮಾರ್ಚ್ 17, ಸೋಮವಾರ. ಮಧ್ಯಾಹ್ನ

ನಿನ್ನೆ ಮೂವತ್ತಮೂರು ಹಾಕಿದೆ. ಅವನು ಅವಳ ಬೆನ್ನಿಗೆ ಕಿವಿ ಇಟ್ಟು, ಒಂದು ಕಣ್ಣು ಮುಚ್ಚಿ ಎದೆಬಡಿತ ಕೇಳುತ್ತಾನೆ. 'ಇದು ಕೆಟ್ಟಿಲ್ಲ. ಗಂಟಲು ಕಟ್ಟಿದೆ, ಅಷ್ಟೇ.' ಮೂವತ್ತಮೂರು ವಾರ ಕಾದಿಟ್ಟುಕೊಂಡಿದ್ದ ಮಾತು.

ನೂರಾ ಎರಡು ಅಭಿಪ್ರಾಯ. 'ಮೂರನೇ ಬೆಂಚು' ಎಂಬ ಹೆಸರಿನವಳು ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

"ನಮ್ಮಪ್ಪ ಹೀಗೇ ಮಾಡ್ತಿದ್ರು. ಫ್ರಿಜ್‌ಗೆ ಕಿವಿ ಕೊಟ್ಟು, ಎಡಗಣ್ಣು ಮುಚ್ಚಿ. ನನಗೆ ಜ್ವರ ಬಂದರೂ ಬೆನ್ನಿಗೆ ಕಿವಿ ಇಟ್ಟು ಇದೇ ಮಾತು ಹೇಳ್ತಿದ್ರು. ಬೇರೆ ಯಾರೂ ಹೇಳಿದ್ದು ಕೇಳಿಲ್ಲ. ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯ್ತು. ಲೇಖಕರೇ, ನಿಮಗೆ ಅವರು ಗೊತ್ತಿತ್ತಾ?"

ಎರಡೂವರೆಗೆ ನಾಲ್ಕು ಜನ ಡೋನರ್. ಎದ್ದೆ.

ಮಾರ್ಚ್ 29, ಶನಿವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ಬರುತ್ತಿದ್ದೇನೆ. ಲೇಬಲ್ ತಪ್ಪಿಲ್ಲ, ಸೂಜಿ ತಪ್ಪಿಲ್ಲ.

ಕಾದಂಬರಿಯ ಮೊದಲ ಸಾಲು ಬರೆದದ್ದು ಒಂಬತ್ತು ತಿಂಗಳ ಹಿಂದೆ. ಅವನು ಹೋಗಿ ಹದಿನಾಲ್ಕು. ಅಂದರೆ ನಾನು ಶುರು ಮಾಡುವಾಗಲೇ...

ಓದಲಿ ಎಂದು ಬರೆದೆ. ಸಾವಿಲ್ಲದವನನ್ನಾಗಿ ಮಾಡಿ ಬರೆದೆ. ಪ್ರತಿ ಭಾನುವಾರ ಅಭಿಪ್ರಾಯಗಳ ಮೇಲೆ ಬೆರಳು ಸರಿಸುತ್ತಾ ಒಂದು ಹೆಸರು ಹುಡುಕಿದೆ.

ಅಳಲು ಹೆಸರಿಲ್ಲ. ಹೆಂಡತಿಯಲ್ಲ, ನೆಂಟಳಲ್ಲ. ಆಫೀಸಿನಲ್ಲಿ ರಜೆ ಕೇಳಿದರೆ ಕಾರಣದ ಜಾಗದಲ್ಲಿ ಏನು ಬರೆಯಲಿ?

ಏಪ್ರಿಲ್ 2, ಬುಧವಾರ

ಎರಡು ಭಾನುವಾರ ಖಾಲಿ. ಓದುಗರು ರಂಪ ಎಬ್ಬಿಸಿದ್ದಾರೆ. "ಲೇಖಕಿಯನ್ನೇ ವ್ಯಾಂಪೈರ್ ಕಚ್ಚಿತಾ?" "ಮಗುವಿಗೆ ಎರಡು ಹಲ್ಲು ಬಂತು, ನೀವು ಬರಲಿಲ್ಲ." ಅಜ್ಜಿ ಮಾತ್ರ — "ಮೈ ಹುಷಾರಿಲ್ಲವೇನಮ್ಮಾ? ನಿಧಾನ ಬರಿ."

ಬೆಳ್ಳುಳ್ಳಿ ಏನೂ ಬರೆದಿಲ್ಲ. ಟೀ ಲೋಟ ತಂದು ಎದುರಿಗಿಟ್ಟು ಕೂತಳು.

"ಆ ಹುಡುಗಿ ಬರೆದದ್ದು ನಾನೂ ಓದಿದೆ ಕಣೇ. ಅವತ್ತಿಂದ ನೀನು ತಟ್ಟೆ ಮುಂದೆ ಕೂತು ಏಳ್ತಿದೀಯ, ಅಷ್ಟೇ."

ಲೋಟ ಹತ್ತಿರ ಎಳೆದುಕೊಂಡೆ.

"ಯಾರು ಏನು ಅಂತ ಕೇಳಲ್ಲ. ಅವಳು ಅಪ್ಪನ್ನ ಹುಡುಕ್ತಾ ಒಂದು ಪ್ರಶ್ನೆ ಕೇಳಿದಾಳೆ. ಹದಿನೈದು ದಿನ ಆಯ್ತು. ಮಕ್ಕಳನ್ನ ಹಾಗೆ ಕಾಯಿಸಬಾರದು."

"ಏನಂತ ಬರೆಯಲಿ ಅಕ್ಕಾ?"

"ಅವಳಿಗೆ ಸಲ್ಲೋದು ಬರಿ. ನಿನಗೆ ಸಲ್ಲೋದು ನಿನ್ನ ಹತ್ರ ಇಟ್ಕೋ."

ಬರೆದೆ. ಏಳು ಸಲ ಅಳಿಸಿ ಬರೆದೆ. "ನಾನು ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆ ನಮ್ಮ ಫ್ರಿಜ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಇದ್ದಷ್ಟು ದಿನ ಒಂದು ಬ್ಯಾಗ್ ರಕ್ತವೂ ಹಾಳಾಗಲಿಲ್ಲ. ಆ ಮಾತು ಅವರದೇ. ಕೇಳದೆ ಬಳಸಿಕೊಂಡೆ, ಕ್ಷಮಿಸಿ."

ಏಪ್ರಿಲ್ 5, ಶನಿವಾರ

ಉತ್ತರ ಬಂತು. ಉದ್ದ. ಇಪ್ಪತ್ತೊಂದು ವರ್ಷವಂತೆ, ಕಾಲೇಜು ಮುಗಿಯುತ್ತಿದೆಯಂತೆ. ಪರ್ಸ್‌ನಲ್ಲಿದ್ದ ಫೋಟೊದಲ್ಲಿ ಮುಂದಿನ ಹಲ್ಲು ಇರಲಿಲ್ಲ ಅವಳಿಗೆ.

ಅವಳ ಅಮ್ಮನಿಗೆ ಫೋನ್‌ನಲ್ಲಿ ಓದಲು ಆಗುವುದಿಲ್ಲವಂತೆ. ಇವಳೇ ಓದಿ ಹೇಳುತ್ತಾಳೆ. ಮೊದಲ ಅಧ್ಯಾಯದಿಂದ.

ಆ ಮನೆಯಲ್ಲಿ, ಅವನ ಹೆಂಡತಿಗೆ, ಅವನ ಮಗಳ ಬಾಯಲ್ಲಿ. ನಾನು ಬರೆದದ್ದು. ಬೆರಳು ತಾಗಿದ್ದೂ ಇದೆ ಅದರಲ್ಲಿ.

ಕೊನೆಯಲ್ಲಿ — "ಅಮ್ಮ ಒಂದು ಮಾತು ಹೇಳಲು ಹೇಳಿದಳು. ಇವನನ್ನು ಸಾಯಿಸಬೇಡಿ. ಒಂದು ಸಲ ಸಾಕು ಅಂತ."

ನಾನು ಅಂದುಕೊಂಡಿದ್ದ ಮುಕ್ತಾಯವೇ ಅದು. ನಾಯಕಿಗೋಸ್ಕರ ಹಗಲ ಬಿಸಿಲಿಗೆ ಬಂದು ಬೂದಿಯಾಗುತ್ತಾನೆ. ನೋಟ್ಸ್ ಎಲ್ಲ ಸಿದ್ಧವಿತ್ತು.

ಹರಿದು ಹಾಕಿದೆ.

ಏಪ್ರಿಲ್ 7, ಸೋಮವಾರ

ನಿನ್ನೆ ಮೂವತ್ತನಾಲ್ಕು. ಕೊನೆಯದು. ಅವನು ಸಾಯುವುದಿಲ್ಲ, ಅವಳನ್ನು ಕಚ್ಚುವುದೂ ಇಲ್ಲ. ಬೇರೆ ಊರಿನ ದಾರಿ ಹಿಡಿಯುತ್ತಾನೆ. ಅವಳು ಬಾಗಿಲು ಹಾಕಿಕೊಳ್ಳದೆ ಕೂರುತ್ತಾಳೆ, ಅಷ್ಟೇ.

ಅರ್ಧ ಜನಕ್ಕೆ ಸಿಟ್ಟು. "ಇದಕ್ಕಾ ಮೂವತ್ತನಾಲ್ಕು ವಾರ?" "ಒಂದು ಮುತ್ತಾದರೂ?" ಇನ್ನರ್ಧ ಅತ್ತಿದ್ದಾರೆ. ಅಜ್ಜಿ — "ಬರ್ತಾನೆ ಬಿಡಮ್ಮ. ಅವನಿಗೇನು, ವಯಸ್ಸಾಗುತ್ತಾ?"

ಬೆಳ್ಳುಳ್ಳಿ — "ನಾಲ್ಕು ಸ್ಟಾರ್. ಕಾಗುಣಿತ ತಪ್ಪಿಲ್ಲ."

ಮೂರನೇ ಬೆಂಚು — "ಅಪ್ಪ ಕೆಲಸ ಮಾಡಿದ ಜಾಗ ನೋಡಬೇಕು. ಶನಿವಾರ ಬರಲಾ? ರಕ್ತ ಕೊಡ್ತೀನಿ."

ಏಪ್ರಿಲ್ 12, ಶನಿವಾರ. ಸಂಜೆ 5

ಬಂದಿದ್ದಳು.

ಎಡಗಣ್ಣು ಸ್ವಲ್ಪ ಕಿರಿದು, ಅವನದೇ. ಚಪ್ಪಲಿ ಬಿಟ್ಟು ನೇರ ಒಳಗೆ ನುಗ್ಗಿದಳು, ಕೇಳುವ ಗೋಜಿಲ್ಲ. ಅದು ಅವನದಲ್ಲ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದೆ, ಪರವಾಗಿಲ್ಲ. ಕೈ ಬೆಚ್ಚಗಿತ್ತು. ಅಮ್ಮನದಿರಬೇಕು.

"ಮುಷ್ಟಿ ಬಿಗಿ ಹಿಡಿ. ಹಾಂ. ಬಿಡು."

"ಅಪ್ಪ ಎಲ್ಲಿ ಕೂರ್ತಿದ್ರು ಆಂಟಿ?"

"ಆ ಕಟ್ಟಡ ಕೆಡವಿದ್ರು ಮಗಳೇ. ಈಗ ಅಲ್ಲಿ ಪಾರ್ಕಿಂಗ್."

ಸ್ವಲ್ಪ ಹೊತ್ತು ಬ್ಯಾಗ್ ತುಂಬುವುದನ್ನೇ ನೋಡಿದಳು.

"ಮನೇಲಿ ಮಾತೇ ಕಮ್ಮಿ ಅಪ್ಪಂದು. ಇಲ್ಲಿ ಆಡ್ತಿದ್ರಾ?"

"ಫ್ರಿಜ್ ಜೊತೆ ಆಡ್ತಿದ್ರು."

ನಕ್ಕಳು. "ನಿಮ್ಮ ಜೊತೆ?"

"ಫ್ರಿಜ್ ವಿಷಯ ಆಡ್ತಿದ್ರು."

ಸುಳ್ಳಲ್ಲ. ಬೇರೆ ವಿಷಯ ಆಡಿದ್ದು ಯಾವತ್ತು? ಅವಳು ನನ್ನ ಮುಖ ನೋಡಿದಳು. ಇನ್ನೇನೋ ಕೇಳುವವಳಿದ್ದಳು, ಕೇಳಲಿಲ್ಲ. ದೊಡ್ಡ ಹುಡುಗಿ.

ಜ್ಯೂಸ್ ಕುಡಿಯುತ್ತಾ ಹರಟಿದಳು. "ನಾನು ಮೂರನೇ ಕ್ಲಾಸಲ್ಲಿದ್ದಾಗ ಕಂಪನಿಯೋರು ಅಪ್ಪನ್ನ ಐಸ್‌ಕ್ರೀಮ್ ಫ್ಯಾಕ್ಟರಿಗೆ ಹಾಕಿದ್ರು. ಆಸ್ಪತ್ರೆ ಕೆಲಸ ಅಲ್ಲಿಗೆ ಮುಗೀತು. ನಂಗೆ ಖುಷಿಯೋ ಖುಷಿ, ವಾರಕ್ಕೊಂದು ಡಬ್ಬಿ ಬರೋದು."

"ಆಗ ನೀನು ಇನ್ನೂ ದೊಡ್ಡವಳಿರಬೇಕು. ಐದನೇ ಕ್ಲಾಸು."

"ಇಲ್ಲ ಆಂಟಿ, ಮೂರೇ. ಅದೇ ವರ್ಷ ಕೈ ಮುರ್ಕೊಂಡಿದ್ದೆ. ಹದಿಮೂರು ವರ್ಷ ಆಯ್ತು."

ಹನ್ನೊಂದು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಬಸ್ ಸ್ಟಾಪಿನವರೆಗೆ ಹೋಗಿ ಬಿಟ್ಟು ಬಂದೆ.

ಏಪ್ರಿಲ್ 15, ಮಂಗಳವಾರ. ಮಧ್ಯಾಹ್ನ 1.10

ತಡೆಯಲಾಗಲಿಲ್ಲ. ಸ್ಟೋರ್‌ನ ಕ್ಲರ್ಕ್ ಹಳಬ, ಹೋಗಿ ಕೇಳಿದೆ. ಹಳೇ ಕಟ್ಟಡದ ಫ್ರಿಜ್ ಕಾಂಟ್ರಾಕ್ಟ್ ಯಾವಾಗಿನವರೆಗೆ ಇತ್ತು?

"ಅದು ಇಲ್ಲಿಗೆ ಬರೋ ಎರಡು ವರ್ಷ ಮುಂಚೇನೇ ನಿಂತಿತ್ತಲ್ಲ ಮೇಡಂ. ಹೇಗೂ ಕಟ್ಟಡ ಬಿಡ್ತೀವಿ, ಕೆಟ್ಟಾಗ ಯಾರನ್ನಾದ್ರೂ ಕರೆಸಿದ್ರಾಯ್ತು ಅಂತ ಸುಮ್ಮನಾದ್ವಿ. ಕೆಡಲೇ ಇಲ್ಲ ನೋಡಿ. ನಮ್ಮ ಅದೃಷ್ಟ."

"ಯಾರೂ ಬರ್ತಿರಲಿಲ್ವಾ?"

"ಯಾರು ಬರ್ತಾರೆ ಮೇಡಂ, ಕರೆಯದೆ?"

ಹಿಂದಿರುಗಿ ಬಂದು ಕೂತಿದ್ದೇನೆ. ಡಬ್ಬಿ ತೆರೆದಿಲ್ಲ.

ಆ ಎರಡು ವರ್ಷ ಅವನು ಸರ್ವಿಸ್ ಚೀಟಿಗೆ ನನ್ನ ಸಹಿ ತೆಗೆದುಕೊಂಡಿರಲಿಲ್ಲ. "ಈಗೆಲ್ಲ ಕಂಪ್ಯೂಟರ್ ಮೇಡಂ, ಸಹಿ ಬೇಡ." ಎಷ್ಟು ಸಲೀಸಾಗಿ ಹೇಳಿದ್ದ. ನಾನು ನಂಬಿದ್ದೆ. ಇಪ್ಪತ್ತನಾಲ್ಕು ಗುರುವಾರ. ಯಾರೂ ಕಳಿಸದೆ. ಫ್ಯಾಕ್ಟರಿಗೆ ಏನು ಹೇಳಿ ಬರುತ್ತಿದ್ದನೋ.

ಇಲ್ಲಿಗೆ ಬಂದ ಮೇಲೆ ಗೇಟಿನಲ್ಲಿ ವಾಚ್‌ಮನ್ ಕೂರಿಸಿದರು. ಕಂಪನಿಯ ಪಾಸ್ ಇಲ್ಲದವರನ್ನು ಬಿಡುವುದಿಲ್ಲ. ಮೊದಲ ದಿನದಿಂದಲೂ ಹಾಗೇ. ನನ್ನ ಕಿಟಕಿಯಿಂದ ಆ ಗೇಟು ಕಾಣುತ್ತದೆ.

ಹಾಗಾದರೆ ನಾವು ಇಲ್ಲಿಗೆ ಬಂದ ಮೇಲಿನ ಆ ಮೊದಲ ಗುರುವಾರ ಅವನು ಅಲ್ಲಿಯವರೆಗೆ ಬಂದಿದ್ದನೇ? ಬಂದು, ಟೂಲ್ ಬ್ಯಾಗ್ ಹಿಡಿದು ನಿಂತು, ಯಾರನ್ನು ನೋಡಬೇಕು ಎಂದು ವಾಚ್‌ಮನ್ ಕೇಳಿದಾಗ, ಏನೆಂದು —