ಲಾಭ, ಎರಡು, ಮೂರು

ಸಾಲಿಗ್ರಾಮ
೧೯ ಜೂನ್ ೨೦೨೪

ಚಿನ್ನುವಿನ ತಂದೆಯವರಿಗೆ ಚೈತ್ರಳ ನಮಸ್ಕಾರ.

ಈ ಕಾಲದಲ್ಲಿ ಕಾಗದವೇಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನನ್ನ ಒಂದು ಮಾತನ್ನೂ ನೀವು ಪೂರ್ತಿಯಾಗಲು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕುವುದು ಕಷ್ಟ.

ನಿಮ್ಮ ಮೆಸೇಜು ಓದಿದೆ. ಹುಣಸೂರಿನ ಆ ಶಾಲೆಯವರು ಇನ್ನೊಂದು ಸಲ ಇಂಟರ್‌ವ್ಯೂಗೆ ಒಪ್ಪಿದ್ದಾರೆ, ಇಪ್ಪತ್ತೈದಕ್ಕೆ ಮಗುವನ್ನು ಕರೆದುಕೊಂಡು ಬಾ, ಬರದಿದ್ದರೆ ನೀನೂ ಬರುವುದು ಬೇಡ ಎಂದು ಬರೆದಿದ್ದೀರಿ. ಎಷ್ಟು ಉದಾರ ಮನಸ್ಸು ನಿಮ್ಮದು! ಮಗು ಹೇಗಿದ್ದಾಳೆ ಎಂಬ ಒಂದು ಮಾತಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ. ಫೆಬ್ರವರಿಯ ಆ ದಿನದಿಂದ ಅವಳು ಬಾಯಿಬಿಟ್ಟು ಒಂದೇ ಒಂದು ಅಂಕಿ ಹೇಳಿಲ್ಲ. ಅಂಗಡಿಯಲ್ಲಿ ಎಷ್ಟು ಚಾಕಲೇಟು ಬೇಕು ಎಂದರೂ ಬೆರಳು ತೋರಿಸುತ್ತಾಳೆ.

ಆ ದಿನ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಮೊದಲು ಇಂಗ್ಲಿಷಿನಲ್ಲಿ ನೂರರವರೆಗೆ ಹೇಳು ಎಂದರು. ನೀವು ಕಲಿಸಿದ ಗಿಳಿಪಾಠವನ್ನು ಮಗು ಒಂದೇ ಉಸಿರಿಗೆ ಒಪ್ಪಿಸಿದಳು. ನಿಮ್ಮ ಮುಖ ಅರಳಿತು. ಆಮೇಲೆ ಹೆಡ್‌ಮಿಸ್ಸು ಮೇಜಿನ ಮೇಲೆ ಐದು ಪ್ಲಾಸ್ಟಿಕ್ ಲೋಟ ಇಟ್ಟು, ಇಲ್ಲಿ ಎಷ್ಟಿವೆ ಎಣಿಸು ಪುಟ್ಟಿ ಎಂದರು. ಚಿನ್ನು ಒಂದೊಂದೇ ಲೋಟ ಮುಟ್ಟಿ "ಲಾಭ, ಎರಡು, ಮೂರು, ನಾಲ್ಕು, ಐದು" ಎಂದಳು. ಐದು ಎಂದು ಹೇಳಿ ಕತ್ತೆತ್ತಿ ನಕ್ಕಳು.

ನಮ್ಮ ಕಡೆ ಅಕ್ಕಿ, ರಾಗಿ ಅಳೆಯುವಾಗ ಮೊದಲನೆಯ ಅಳತೆಗೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಒಂದು ಎಂದರೆ ಎಲ್ಲಿ ಒಂದಕ್ಕೇ ನಿಂತುಬಿಡುತ್ತದೋ ಎಂಬ ಅಂಜಿಕೆ. ಇದು ಗೊತ್ತಿಲ್ಲದ ಆ ಹೆಂಗಸು ನಕ್ಕರು, ಪಕ್ಕದ ಟೀಚರೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ಎಲ್ಲ ಗೊತ್ತಿದ್ದ ನೀವು ಅವರ ಜೊತೆ ಸೇರಿ ನಕ್ಕಿರಲ್ಲ, ಅದಕ್ಕೆ. "ನಮ್ಮ ತಂದೆ ಹಳ್ಳಿಯವರು, ಹೊಗೆಸೊಪ್ಪಿನ ಬೇಸಾಯ, ಇದೆಲ್ಲ ಅವರ ಕಾರುಬಾರು" ಎಂದಿರಿ. ಸೀಟು ಸಿಗಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಕಾರಿನಲ್ಲಿ ಮಗುವಿನ ಕೆನ್ನೆಗೆ ಬಾರಿಸಿದಿರಿ.

ಮನೆಗೆ ಬಂದು ಮಾವನವರ ಮೇಲೆ, ನಿಮ್ಮ ಹೆತ್ತ ತಂದೆಯ ಮೇಲೆ, ಹರಿಹಾಯ್ದಿರಿ. ಅದುವರೆಗೆ ಅವರನ್ನು ನೀವು ಎನ್ನುತ್ತಿದ್ದವರು ಅಂದು ಏಕವಚನಕ್ಕೆ ಇಳಿದಿರಿ. "ನಿನ್ನ ಕಣದ ಲೆಕ್ಕಾನ ನನ್ನ ಮಗಳ ತಲೆಗೆ ತುಂಬಬೇಡ" ಎಂದಿರಿ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಪುಟ್ಟಸಿದ್ದಮ್ಮ ಬಟ್ಟೆ ಹರವುತ್ತಾ ಎಲ್ಲ ಕೇಳಿಸಿಕೊಂಡರು. ಮಾವ ಸಿಟ್ಟಾಗಲಿಲ್ಲ. "ಐದು ಲೋಟ ಇದ್ವು, ಐದು ಅಂದವ್ಳೆ. ಅದ್ರಲ್ಲಿ ಏನು ತಪ್ಪೈತಪ್ಪಾ?" ಎಂದಷ್ಟೇ ಕೇಳಿದರು. ಕಾಲೇಜಿನಲ್ಲಿ ಗಣಿತದ ಪಾಠ ಮಾಡುವ ನೀವು ಬಾಗಿಲು ದೂಡಿಕೊಂಡು ಒಳಗೆ ಹೋದಿರಿ. ಸಂಜೆಯ ಬಸ್ಸಿಗೆ ಅವರು ಹಂಪಾಪುರದ ಮಗಳ ಮನೆಗೆ ಹೊರಟುಹೋದರು. ನೀವು ಸ್ಕೇಲು ಹಿಡಿದು ಮಗುವನ್ನು ಕೂರಿಸಿಕೊಂಡಿರಿ. ಒಂದು ಅನ್ನು, ಒಂದು ಅನ್ನು. ಅವಳು ತುಟಿ ಬಿಗಿಹಿಡಿದಳು. ಅಂಗೈ ಕೆಂಪಾಗಿ ಊದಿಕೊಂಡಿತು. ಮಾರನೆಯ ದಿನ ನಾನು ಅವಳನ್ನು ಕರೆದುಕೊಂಡು ತವರಿಗೆ ಬಂದೆ.

ಇಲ್ಲಿ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದ್ದೇನೆ. ಮೂಗು ಮುರಿಯಿರಿ, ಪರವಾಗಿಲ್ಲ. ಕಾವ್ಯಶ್ರೀ ಎಂಬ ಟೀಚರು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಹುಣಸೆಬೀಜ ಹರಡುತ್ತಾರೆ. ಚಿನ್ನು ಬಾಯಿ ಬಿಡುವುದಿಲ್ಲ, ಬೀಜಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ ಬೆರಳು ತೋರಿಸುತ್ತಾಳೆ. ನಾನು ತಲೆ ತಗ್ಗಿಸಿ ನಿಂತಿದ್ದರೆ ಆ ಟೀಚರು ಹೇಳಿದರು, "ಮುಟ್ಟಿದ್ದನ್ನ ಮತ್ತೆ ಮುಟ್ಟಲ್ಲ, ಒಂದನ್ನೂ ಬಿಡಲ್ಲ, ಒಟ್ಟು ಎಷ್ಟು ಅಂದ್ರೆ ಸರಿಯಾಗಿ ತೋರಿಸ್ತಾಳೆ. ಎಣಿಕೆ ಅಂದ್ರೆ ಇದೇ ಕಣ್ರೀ. ಮೊದಲನೇದರ ಹೆಸರು ಕಲಿಸೋಕೆ ಒಂದು ದಿನ ಸಾಕು. ಹೆದರಿಕೆ ಬಿಡಿಸೋಕೆ ಎಷ್ಟು ದಿನ ಬೇಕೋ ನಂಗೊತ್ತಿಲ್ಲ." ನಿಮ್ಮ ಎಂ.ಎಸ್ಸಿ.ಗೆ ಇಷ್ಟು ತಿಳಿಯಲಿಲ್ಲ.

ಕಳೆದ ಭಾನುವಾರ ಅವಳನ್ನು ಕರೆದುಕೊಂಡು ಹಂಪಾಪುರಕ್ಕೆ ಹೋಗಿದ್ದೆ. ಮಾವ ಇಳಿದುಹೋಗಿದ್ದಾರೆ, ಅಂಗಿ ಮೈಮೇಲೆ ನಿಲ್ಲುತ್ತಿಲ್ಲ. ಜಗುಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ಚಿನ್ನು ಅವರ ಮುಂದೆ ಕಾಳು ಸಾಲಾಗಿ ಜೋಡಿಸಿ, ಎಣಿಸು ತಾತ ಎಂದಳು. ಅಂಕಿಯ ಮಾತನ್ನು ಅವಳು ತಾನಾಗಿ ಎತ್ತಿದ್ದು ನಾಲ್ಕು ತಿಂಗಳಲ್ಲಿ ಅದೇ ಮೊದಲು. ಮಾವ ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟು, "ನಂಗೆ ಎಣ್ಸಾಕೆ ಬರಾಕಿಲ್ಲ ಕಣವ್ವ. ನಿಮ್ಮಪ್ಪನ್ನ ಕೇಳು" ಎಂದರು. ಮಗು ಕಾಳುಗಳನ್ನೆಲ್ಲ ಕಲಸಿಬಿಟ್ಟಳು.

ಎಪ್ಪತ್ತು ದಾಟಿದವರ ಬಾಯಲ್ಲಿ ಈ ಮಾತು ಬರಿಸಿದಿರಿ. ಇನ್ನೂ ಏನು ಬೇಕು ನಿಮಗೆ? ಇಪ್ಪತ್ತೈದಕ್ಕೆ ನಾವು ಬರುವುದಿಲ್ಲ. ಆ ಮೇಜಿನ ಮುಂದೆ ನನ್ನ ಮಗಳನ್ನು ಇನ್ನೊಂದು ಸಲ ನಿಲ್ಲಿಸುವುದಿಲ್ಲ. ನಿಮಗೆ ಅವಳನ್ನು ನೋಡಬೇಕು ಅನ್ನಿಸಿದರೆ ಸಾಲಿಗ್ರಾಮಕ್ಕೆ ಬಸ್ಸಿದೆ, ಸ್ಕೇಲು ಮನೆಯಲ್ಲೇ ಬಿಟ್ಟು ಬನ್ನಿ.

ಇಂತಿ,
ಚಿನ್ನುವಿನ ತಾಯಿ
ಚೈತ್ರ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಮಾವ ಆ ಮಗುವಿನ ಮುಂದೆ ಒಂದು ದಿನವೂ ಧಾನ್ಯ ಅಳೆದವರಲ್ಲ. ಅವರು ಅವಳಿಗೆ ಎಣಿಸಿ ತೋರಿಸುತ್ತಿದ್ದುದು ಹೊಗೆಸೊಪ್ಪು ಕಟ್ಟುವ ಕಡ್ಡಿಗಳನ್ನು, ಅದಕ್ಕೆ ಎಲ್ಲರ ಹಾಗೆ ಒಂದು ಎಂದೇ ಹೇಳುತ್ತಿದ್ದರು. ದಿನಾ ಬೆಳಗ್ಗೆ ಲೋಟದಲ್ಲಿ ಅಕ್ಕಿ ಅಳೆದು ಪಾತ್ರೆಗೆ ಸುರಿಯುತ್ತಾ ಲಾಭ, ಎರಡು ಎನ್ನುತ್ತಿದ್ದವಳು ನಾನು. ಪಕ್ಕದಲ್ಲಿ ಕೂತು ಜೊತೆಗೆ ಹೇಳುತ್ತಿದ್ದವಳು ಚಿನ್ನು. ಲೋಟ ಕಂಡು ಅವಳಿಗೆ ನೆನಪಾದದ್ದು ನನ್ನ ಪಾಠ. ಇದು ನನಗೆ ಆ ಹೆಡ್‌ಮಿಸ್ಸಿನ ಎದುರೇ ಹೊಳೆದಿತ್ತು, ನಾಚಿಕೆಯಾಗಿ ಸುಮ್ಮನಿದ್ದೆ. ಮನೆಯಲ್ಲಿ ನೀವು ಮಾವನವರನ್ನು ಬೈಯುವಾಗ ಅವರು ನನ್ನ ಮುಖ ನೋಡಿದರು. ಅವರಿಗೂ ಗೊತ್ತಿತ್ತು. ಆಗಲೂ ಸುಮ್ಮನಿದ್ದೆ. ಭಾನುವಾರ ಹೇಳಬೇಕೆಂದೇ ಹೋಗಿ ಕಾಫಿ ಕುಡಿದು ಬಂದೆ. ಬಸ್ಸಿನಲ್ಲಿ ಚಿನ್ನು, ಅಕ್ಕಿ ಅಳೆಯುವಾಗ ನೀನೇ ಅಲ್ವಾ ಅಮ್ಮ ಹಾಗೆ ಹೇಳ್ತಿದ್ದುದು, ತಾತನಿಗೆ ಯಾಕೆ ಬೈದರು ಎಂದು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈ ಕಾಗದವನ್ನು ಮೊದಲು ಹಂಪಾಪುರಕ್ಕೆ, ಮಾವನವರ ಹೆಸರಿಗೆ ಕಳಿಸುತ್ತಿದ್ದೇನೆ, ನಿಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಕವರನ್ನೂ ಒಳಗಿಟ್ಟು. ಇದು ನಿಮ್ಮ ಕೈ ಸೇರಿದ್ದರೆ, ಮಾವ ಓದಿ ತಾವೇ ಅಂಚೆ ಡಬ್ಬಿಗೆ ಹಾಕಿದ್ದಾರೆ ಎಂದು ತಿಳಿಯಿರಿ.