ಚತುರ್ದಶಿ ಕೇಳಿದರೆ ನವೆಂಬರ್ ಒಂದನ್ನು ಕೊಟ್ಟವರಿಗೆ

ಮಹಾಲ್, ನಾಗಪುರ
ಸೆಪ್ಟೆಂಬರ್ ೧೯೫೭

ಭೋಪಾಳದ ಕಚೇರಿಯಲ್ಲಿ ರಜೆ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ತುಂಗಾ ತೀರಿಕೊಂಡು ವರ್ಷವಾಗುತ್ತ ಬಂತು. ಅವಳ ವರ್ಷಶ್ರಾದ್ಧಕ್ಕೆಂದು, ನಿಮ್ಮ ಕೈಕೆಳಗೆ ಗುಮಾಸ್ತನಾಗಿರುವ ನನ್ನ ಒಬ್ಬನೇ ಮಗ ಲಕ್ಷ್ಮೀಕಾಂತ ರಜೆ ಕೇಳಿದ. ನೀವು ಕೊಟ್ಟಿರಿ. ಆದರೆ ಅವಳ ತಿಥಿಯ ದಿನ ಕೊಡಲಿಲ್ಲ, ಅದು ಮುಗಿದುಹೋದ ಮೇಲಿನ ಒಂದು ದಿನ ಕೊಟ್ಟಿರಿ. ಪಂಕ್ತಿ ಎದ್ದ ಮೇಲೆ ಎಲೆ ಹಾಕಿ ಕೂಡಿಸಿದ ಹಾಗೆ.

ಈ ಪತ್ರ ಕನ್ನಡದಲ್ಲಿದೆ, ನಿಮಗೆ ಓದಲು ಬಾರದು, ಬಲ್ಲೆ. ಹಿಂದಿಯ ಅರ್ಜಿಯನ್ನು ಓದಿ ಏನು ಮಾಡಿದಿರೆಂಬುದನ್ನೂ ಬಲ್ಲೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು, ಬೀಗರಿಗೂ ಬಳಗಕ್ಕೂ ಕಾಗದ ಬರೆಬರೆದೇ ಬರವಣಿಗೆ ಕಲಿತವನು ನಾನು. ಆದ್ದರಿಂದ ನನ್ನ ಸಂಕಟವನ್ನು ನನ್ನವರ ಮುಂದೆಯೇ ಇಡುತ್ತಿದ್ದೇನೆ. ಅವರಲ್ಲಿ ಯಾರಾದರೂ ನಿಮಗೆ ಓದಿ ಹೇಳಿಯಾರು.

ಹೋದ ವರ್ಷದ ನವೆಂಬರ್ ಒಂದನೆಯ ತಾರೀಖನ್ನು ನೀವು ಮರೆತಿರಲಾರಿರಿ. ಆ ಒಂದು ದಿನದ ಹೆಗಲ ಮೇಲೆ ಎಷ್ಟು ಹೊರೆ! ನಿಮ್ಮ ಹೊಸ ಮಧ್ಯಪ್ರದೇಶ ಹುಟ್ಟಿತು, ಭೋಪಾಳ ರಾಜಧಾನಿಯಾಯಿತು. ನಮ್ಮ ನಾಗಪುರ ಬೆಳಗಾಗುವುದರೊಳಗೆ ಹಳೆಯ ಮಧ್ಯಪ್ರದೇಶದ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯದ ಒಂದು ಊರಾಯಿತು. ನಾನು ಹುಟ್ಟಿದ ಧಾರವಾಡ ಅದೇ ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ನಾಡಿಗೆ ಸೇರಿತು. ಬಾಗಿಲು ಒಂದೇ, ಹುಟ್ಟಿದೂರು ಹೊರಗೆ ಬಂತು, ಇರುವ ಊರು ಒಳಗೆ ಹೋಯಿತು. ಏಕೀಕರಣ ಕಾಣದೆ ಕಣ್ಣು ಮುಚ್ಚಬಾರದೆಂದು ಹರೆಯದಿಂದ ಹಂಬಲಿಸಿದವನು ನಾನು. ಕಂಡೆ. ಆದರೆ ಅಂದೇ ನರಕ ಚತುರ್ದಶಿಯೂ ಆಗಿತ್ತು. ಅದು ಯಾವ ಗೆಜೆಟ್ಟಿನಲ್ಲೂ ಅಚ್ಚಾಗಿರಲಿಲ್ಲವೇನೋ!

ನಮ್ಮಲ್ಲಿ ಅಂದು ನಸುಕಿನಲ್ಲಿ ತಾಯಿ ಮಕ್ಕಳ ನೆತ್ತಿಗೆ ಎಣ್ಣೆ ಒತ್ತಿ, ಎರೆದು, ಆರತಿ ಮಾಡಬೇಕು. ತುಂಗಾ ಆಗ ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದಳು. ನಿಮ್ಮ ಕಚೇರಿ ಇಲ್ಲಿಂದ ಭೋಪಾಳಕ್ಕೆ ಹೊರಟಿತ್ತು; ಹಬ್ಬ ಮುಗಿಸಿಕೊಂಡು ಬರುತ್ತೇನೆಂದು ಮಗ ಕೈಮುಗಿದಾಗ ನೀವು, "ಹಬ್ಬ ವರ್ಷವರ್ಷ ಬರುತ್ತದೆ, ರಾಜ್ಯ ಒಂದೇ ಸಲ ಹುಟ್ಟುತ್ತದೆ" ಎಂದಿರಂತೆ. ಎಂಥ ನುಡಿ! ಆ ಹೆರಿಗೆಗೆ ಸೂಲಗಿತ್ತಿ ನನ್ನ ಮಗನೇ ಆಗಬೇಕಿತ್ತೆ?

ಅವನು ಕಚೇರಿಯ ಪೆಟ್ಟಿಗೆಗಳ ಜೊತೆಗೆ ಹೋದ. ಚತುರ್ದಶಿಯ ನಸುಕಿನಲ್ಲಿ ಪಕ್ಕದ ಮನೆಯ ಗಂಗೂಬಾಯಿ ಬಂದು ನಮ್ಮ ಹಂಡೆಗೆ ಉರಿ ಹಾಕಿದಳು. ತುಂಗಾ ಎಣ್ಣೆಯ ಬಟ್ಟಲು ಹಿಡಿದು ಗೋಡೆಗೆ ಆತು ಕುಳಿತಿದ್ದಳು.

"ವೈನೀ, ನಿಮ್ಮ ಮಗಾ ರಾಜ್ಯಾ ಹೊತ್ತಕೊಂಡ ಹೋಗ್ಯಾನ. ಇಳಿಸಿ ಜಲ್ದಿ ಬರ್ತಾನ, ಬಿಡ್ರಿ," ಎಂದಳು ಗಂಗೂಬಾಯಿ.

"ರಾಜ್ಯಾ ಎಲ್ಲೀದ ತಗೀವಾ! ಸಾಹೇಬನ ಕಪಾಟು ಹೊತ್ತಿರ್ತಾನ," ಎಂದು ತುಂಗಾ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ, ಅಲ್ಲೆ ಅವಂಗ ಎಣ್ಣಿ ಯಾರು ಹಚ್ಚತಾರ?" ಅಂದಳು.

"ಬರೋ ವರ್ಷ ನೀನ ಹಚ್ಚೀಯಂತ," ಎಂದೆ.

ಅವಳು ಆ ಎಣ್ಣೆಯನ್ನು ನನ್ನ ನೆತ್ತಿಗೆ ಒತ್ತಿದಳು; ಬೆರಳಲ್ಲಿ ಬಲವಿರಲಿಲ್ಲ. ಮಧ್ಯಾಹ್ನದೊಳಗೆ ಹೋಗಿಬಿಟ್ಟಳು. ನಾಡು ಒಂದಾಯಿತೆಂದು ಪೇಢೆ ಹಿಡಿದು ಬಂದ ಓಣಿಯ ಕನ್ನಡ ಮಂದಿ ಹೊಸ್ತಿಲಲ್ಲೇ ನಿಂತರು. ತಂತಿ ತಲುಪಿ ಮಗ ಓಡಿ ಬರುವಷ್ಟರಲ್ಲಿ ಅವನಿಗೆ ಉಳಿದದ್ದು ಬೂದಿ.

ಈಗ ನಿಮ್ಮ ಕೃಪೆಗೆ ಬರುತ್ತೇನೆ. ಅವಳು ಸತ್ತ ತಾರೀಖು ನೋಡಿ ಈ ವರ್ಷವೂ ನವೆಂಬರ್ ಒಂದಕ್ಕೇ ರಜೆ ಬರೆದಿರಿ. ಸತ್ತವರ ದಿನವನ್ನು ನಾವು ತಿಥಿಯಿಂದ ಹಿಡಿಯುತ್ತೇವೆ, ಈ ಸಲ ಆ ಚತುರ್ದಶಿ ಅಕ್ಟೋಬರಿನಲ್ಲೇ ಬೀಳುತ್ತದೆ ಎಂದು ಮಗ ಬಿಡಿಸಿ ಹೇಳಿದ. ದೀಪಾವಳಿಯ ರಜೆಗೆ ಹೂಡಿದ ಆಟ ಇದು ಎಂದುಕೊಂಡಿರಿ. ಎಲ್ಲರೆದುರು, "ಕ್ಯಾ ಭಾಯಿ, ತುಮ್ಹಾರೀ ಮಾ ಹರ್ ಸಾಲ್ ನಯೀ ತಾರೀಖ್ ಕೋ ಮರತೀ ಹೈ?" ಎಂದಿರಿ. ನಿನ್ನ ತಾಯಿ ವರ್ಷಕ್ಕೊಂದು ತಾರೀಖಿಗೆ ಸಾಯುತ್ತಾಳೇನು ಎಂದು! ಕಚೇರಿಯೆಲ್ಲ ನಕ್ಕಿತಂತೆ. ರವಿವಾರ ಮನೆಗೆ ಬಂದು ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಮಾನ್ಯರೇ, ಹೋದ ವರ್ಷ ಲಕ್ಷ್ಮೀಪೂಜೆ ನವೆಂಬರ್ ಎರಡಕ್ಕೆ ಬಂದಿತ್ತು. ಈ ಸಲವೂ ನಿಮ್ಮ ಮನೆಯಲ್ಲಿ ಎರಡನೆಯ ತಾರೀಖಿಗೇ ದೀಪ ಹಚ್ಚುತ್ತೀರಾ, ಊರೆಲ್ಲ ಹಚ್ಚಿ ಆರಿಸಿದ ಮೇಲೆ? ಇಲ್ಲ ತಾನೆ? ಲಕ್ಷ್ಮಿಗೆ ಪಂಚಾಂಗ, ನನ್ನ ತುಂಗಾಗೆ ಮಾತ್ರ ಕ್ಯಾಲೆಂಡರೇ?

ಮಗ ಪಿಂಡ ಇಟ್ಟರೆ ಅವಳು ನಮ್ಮ ಹಿರಿಯರ ಸಾಲಿಗೆ ಸೇರುತ್ತಾಳೆಂಬುದು ನಮ್ಮ ನಂಬಿಕೆ. ಇದ್ದಾಗ ಅವನಿಗಾಗಿ ಕಾದಳು. ಹೋದ ಮೇಲೂ ಕಾಯಿಸಬೇಕೆ?

ನನ್ನ ಬೇಡಿಕೆ ಇಷ್ಟೇ. ನವೆಂಬರ್ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದು ದೊಡ್ಡವರ ದಿನ, ರಾಜ್ಯಗಳ ದಿನ. ಅಂದು ಮಗ ನಿಮ್ಮ ಕಚೇರಿಯಲ್ಲಿ ಹೊತ್ತು ಮುಳುಗುವವರೆಗೆ ದುಡಿಯಲಿ. ಚತುರ್ದಶಿಯನ್ನು ನಮ್ಮ ಮನೆಗೆ ಬಿಟ್ಟುಕೊಡಿ. ಅವನು ಬೆಳಗಿನ ಗಾಡಿಗೆ ಬಂದಿಳಿದರೂ ಸಾಕು. ಗಾಡಿ ತಡವಾದರೆ ಭಟ್ಟರ ಕಾಲು ಹಿಡಿದಾದರೂ ಕೂಡಿಸಿಕೊಂಡಿರುತ್ತೇನೆ.

ಇಂತಿ,
ಊರು ಬಿಡದೆಯೇ ರಾಜ್ಯ ಬದಲಾದ,
ಮನೆ ಬಿಡದೆಯೇ ಒಂಟಿಯಾದ
ಗುಂಡೇರಾವ